ಆದಿವಾಲದ ರಸ್ತೆಯಲ್ಲಿ ನಾಯಕನಟ

ನಾನು ಹುಟ್ಟಿ ಬೆಳೆದದ್ದು ಹೊಳಲ್ಕೆರೆಯಲ್ಲಿ. ಅಪ್ಪ ಮಾರ್ಕೆಟ್ ಯಾರ್ಡಿನಲ್ಲಿ ಅಡಿಕೆ ಮೂಟೆ ಹೊರುತ್ತಿದ್ದ, ಅಣ್ಣ ಲಾರಿಯಲ್ಲಿ ಕ್ಲೀನರ್ ಆಗಿದ್ದ. ಊರಾಚೆಯ ಬಯಲಲ್ಲಿ ಟೂರಿಂಗ್ ಟಾಕೀಸಿನ ಡೇರೆ ಬಿದ್ದಾಗಲೆಲ್ಲ ನಾನು ಮನೆಯಲ್ಲಿ ಜಗಳ ತೆಗೆದಾದರೂ ಹೋಗಿ, ಮರಳಿನ ಮೇಲೆ ಕೂತು ಸಿನಿಮಾ ನೋಡಿ ಬರುತ್ತಿದ್ದೆ. ಅದರಲ್ಲೂ ಒಬ್ಬ ನಟನ ಸಿನಿಮಾ ಬಂದರೆ ಊಟವೂ ಬೇಡ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದೂ ಅವನಿಗೊಂದು ಮರ್ಯಾದೆಯಾದೀತು. ತೆರೆಯ ಮೇಲೆ ಅವನು ಯಾವಾಗಲೂ ಬಡವರ ಕಡೆಯವನು. ಸಾಹುಕಾರನ ಕೈಯಿಂದ ಚಾವಟಿ ಕಿತ್ತುಕೊಳ್ಳುವವನು, ದಿಕ್ಕಿಲ್ಲದ ಹೆಣ್ಣುಮಗಳನ್ನು ‘ತಂಗೀ’ ಎಂದು ಕರೆದು ಕಣ್ಣೊರೆಸುವವನು. ಆ ‘ತಂಗೀ’ ಎಂಬ ಕೂಗಿಗೆ ಡೇರೆಯ ಹೆಂಗಸರೆಲ್ಲ ಸೆರಗನ್ನು ಬಾಯಿಗೊತ್ತಿಕೊಂಡು ಅಳುತ್ತಿದ್ದರು. ನಾನೂ ಅತ್ತಿದ್ದೇನೆ.

ಎಸ್ಸೆಸ್ಸೆಲ್ಸಿ ಆದ ಮೇಲೆ ನನ್ನನ್ನು ಹಿರಿಯೂರು ಹತ್ತಿರದ ಆದಿವಾಲಕ್ಕೆ ಕೊಟ್ಟರು. ಎಪ್ಪತ್ತರ ದಶಕದ ಮಾತು. ಗಂಡನ ಮನೆಯವರು ಕುರಿ ಸಾಕುವವರು. ಹಗಲೆಲ್ಲ ಕುರಿ ಮೇಯಿಸಿ, ರಾತ್ರಿ ಯಾರದಾದರೂ ಹೊಲದಲ್ಲಿ ಮಂದೆ ನಿಲ್ಲಿಸುತ್ತಿದ್ದೆವು. ಹೊಲಕ್ಕೆ ಗೊಬ್ಬರ ಬೀಳುತ್ತಿತ್ತು, ಹೊಲದವರು ನಮಗೆ ರಾಗಿ, ಜೋಳ ಕೊಡುತ್ತಿದ್ದರು. ಹೊಲದವರು ಎಂದರೆ ಹೆಚ್ಚಾಗಿ ಊರಿನ ಗೌಡರೇ. ಸುತ್ತಮುತ್ತಲ ಹೊಲಗಳಲ್ಲಿ ಅರ್ಧ ಅವರವು, ಉಳಿದರ್ಧ ಅವರ ಮಾತು ಕೇಳುವವರವು.

ಮಾವ ಇರಲಿಲ್ಲ. ಮನೆ, ಮಂದೆ ಎರಡೂ ನಡೆಯುತ್ತಿದ್ದದ್ದು ಅತ್ತೆಯ ಕೈಯಲ್ಲಿ. ಆಕೆಗೂ ನನಗೂ ಮೊದಲ ದಿನದಿಂದಲೇ ಆಗಿಬರಲಿಲ್ಲ. ನನಗೆ ಕುರಿಯ ಕಾಲು ಹಿಡಿಯಲು ಬರುತ್ತಿರಲಿಲ್ಲ, ಮುಳ್ಳಿನ ಬೇಲಿ ಕಟ್ಟಲು ಬರುತ್ತಿರಲಿಲ್ಲ. “ಹೊಳಲ್ಕೆರೆ ದೊರೆಸಾನಿ ಬಂದಾಳೆ, ಎಲ್ರೂ ಎದ್ದು ನಿಂತ್ಕಳ್ರಿ” ಎಂದು ಬಂದವರ ಮುಂದೆಲ್ಲ ಹಂಗಿಸುತ್ತಿದ್ದಳು. ನಾನು ಅನ್ನಕ್ಕೆ ಉಪ್ಪು ಹೆಚ್ಚು ಹಾಕಿ ಸೇಡು ತೀರಿಸಿಕೊಳ್ಳುತ್ತಿದ್ದೆ. ನನ್ನ ಗಂಡ ಇಬ್ಬರ ನಡುವೆ ಬಾಯಿ ಬಿಡದ ಮನುಷ್ಯ. ಅದೇನು ಒಳ್ಳೆಯತನವೋ ಹೆದರಿಕೆಯೋ, ನನಗೆ ಬಹಳ ದಿನ ತಿಳಿಯಲಿಲ್ಲ.

ಬೆಂಗಳೂರಿನಿಂದ ಚಿತ್ರದುರ್ಗಕ್ಕೆ ಹೋಗುವ ದೊಡ್ಡ ರಸ್ತೆ ನಮ್ಮೂರಿನ ಪಕ್ಕದಲ್ಲೇ ಹಾಯುತ್ತದೆ. ಆಗ ಅದರ ಎರಡೂ ಬದಿ ಹುಣಸೆಮರಗಳಿದ್ದವು. ದಿನಾ ಬೆಳಿಗ್ಗೆ ಮಂದೆಯನ್ನು ರಸ್ತೆ ದಾಟಿಸಿ ಆಚೆಯ ಬೀಳಿಗೆ ಹೊಡೆಯಬೇಕಿತ್ತು. ಅತ್ತೆ ರಸ್ತೆಯ ನಡುವೆ ನಿಂತು ಕೋಲನ್ನು ಅಡ್ಡ ಹಿಡಿದರೆ ಲಾರಿಗಳು ನಿಲ್ಲುತ್ತಿದ್ದವು, ಸರ್ಕಾರಿ ಬಸ್ಸುಗಳೂ ನಿಲ್ಲುತ್ತಿದ್ದವು. ಡ್ರೈವರುಗಳು ಬೀಡಿ ಹಚ್ಚಿಕೊಂಡು, “ಏನಜ್ಜಿ, ಟಗರು ಮಾರ್ತೀಯೇನು?” ಎಂದು ಮಾತಾಡಿಸುತ್ತಿದ್ದರು. ರಸ್ತೆ ಎಂದರೆ ಎಲ್ಲರದೂ ಎಂದು ತಿಳಿದಿದ್ದ ಕಾಲ.

ಆ ದಿನ ಬಿಸಿಲು ಇನ್ನೂ ಏರಿರಲಿಲ್ಲ. ಗಂಡ ಸೈಕಲ್ ತೆಗೆದುಕೊಂಡು ಹಿಂಡಿ ತರಲು ಹೋಗಿದ್ದ. ಅತ್ತೆ ಕೋಲು ಹಿಡಿದು ರಸ್ತೆಯ ನಡುವೆ ನಿಂತಿದ್ದಳು. ನಾನು ಮಂದೆಯ ಹಿಂದೆ ಇದ್ದೆ. ಅರ್ಧ ಕುರಿಗಳು ದಾಟಿದ್ದವು. ಶಿರಾ ಕಡೆಯಿಂದ ಕೆನೆಬಣ್ಣದ ಉದ್ದನೆಯ ಕಾರೊಂದು ಬಂತು. ದೂರದಿಂದಲೇ ಹಾರನ್ ಒತ್ತಿದರು, ಆದರೆ ವೇಗ ತಗ್ಗಿಸಲಿಲ್ಲ. ಹಾರನ್ ಸದ್ದಿಗೆ ಕುರಿಗಳು ಚದುರಲಿಲ್ಲ. ಬೆದರಿದ ಕುರಿಗಳು ಒಂದರ ಹೊಟ್ಟೆಗೊಂದು ಅಂಟಿಕೊಂಡು ನಿಂತುಬಿಡುತ್ತವೆ. ಕಾರು ಕೀಚ್ ಎಂದು ಅಡ್ಡಾದಿಡ್ಡಿ ಎಳೆದುಕೊಂಡು ಆ ಗುಂಪಿನೊಳಕ್ಕೆ ನುಗ್ಗಿತು. ಅತ್ತೆ ಪಕ್ಕಕ್ಕೆ ಹಾರಿ ಮೈಲಿಗಲ್ಲಿನ ಮೇಲೆ ಬಿದ್ದಳು.

ಕಾರು ನಿಂತಾಗ ಮೂರು ಕುರಿ ಸತ್ತಿದ್ದವು. ಒಂದು ಗಬ್ಬದ್ದು. ನಾನು ಅತ್ತೆಯ ಹತ್ತಿರ ಓಡಿದೆ. ಬಲಗೈ ಮಣಿಕಟ್ಟು ತಿರುಚಿಕೊಂಡು ಬೇರೆ ಯಾರದೋ ಕೈಯ ಹಾಗೆ ಕಾಣುತ್ತಿತ್ತು. ಆಕೆ ಅಳಲಿಲ್ಲ. ಹಲ್ಲು ಕಚ್ಚಿಕೊಂಡು, “ಕುರಿ ನೋಡೇ, ನನ್ನೇನು ನೋಡ್ತೀಯ” ಎಂದಳು.

ತಿರುಗಿ ನೋಡಿದರೆ ಕಾರಿನ ಬಲಗಡೆಯ ಬಾಗಿಲು ತೆರೆಯಿತು. ಸ್ಟೇರಿಂಗ್ ಹಿಂದಿನಿಂದ ಒಬ್ಬ ಇಳಿದ. ಬಿಳಿ ಪ್ಯಾಂಟು, ಬಿಳಿ ಶರಟು, ಕಪ್ಪು ಕನ್ನಡಕ. ತಲೆಯ ಮುಂಭಾಗದಲ್ಲಿ ಕೂದಲೇ ಇರಲಿಲ್ಲ. ಮೊದಲು ಅವನು ನೋಡಿದ್ದು ಕಾರಿನ ದೀಪ ಒಡೆದಿದೆಯೇ ಎಂದು. ಬಗ್ಗಿ ನೋಡಿ, ನಾಲಿಗೆ ಲೊಚಗುಟ್ಟಿ, ನಮ್ಮ ಕಡೆ ತಿರುಗಿದ.

“ಏನಮ್ಮಾ, ರಸ್ತೆ ಅಂದ್ರೆ ನಿಮ್ಮನೆ ಕೊಟ್ಟಿಗೇನಾ? ಬುದ್ಧಿ ಬೇಡ್ವಾ?”

ಆ ದನಿ ಕೇಳಿದ ಕೂಡಲೇ ಯಾರೆಂದು ತಿಳಿಯಿತು. ಕೂದಲಿಲ್ಲದಿದ್ದರೂ, ನಾನಂದುಕೊಂಡದ್ದಕ್ಕಿಂತ ಕುಳ್ಳಗಿದ್ದರೂ, ದನಿ ಅದೇ. ಮರಳಿನ ಮೇಲೆ ಕೂತು ಎಷ್ಟೋ ಸಲ ಕೇಳಿದ ದನಿ. ಅಷ್ಟರಲ್ಲಿ ಕಾರಿನ ಹಿಂದಿನ ಸೀಟಿನಿಂದ ಸಫಾರಿ ತೊಟ್ಟವನೊಬ್ಬ ಇಳಿದ, ಎಡಗಡೆಯಿಂದ ಖಾಕಿ ಶರಟಿನ, ಮೀಸೆ ಬೆಳ್ಳಗಾದ ಡ್ರೈವರ್ ಇಳಿದ. ಡ್ರೈವರ್ ನೆಟ್ಟಗೆ ಅತ್ತೆಯ ಹತ್ತಿರ ಬಂದು ಕೂತು, “ಕೈ ಅಲ್ಲಾಡಿಸಬೇಡಿ ಅಮ್ಮಾ” ಎಂದು ತನ್ನ ಟವೆಲು ಹರಿದು ಕಟ್ಟತೊಡಗಿದ. ಸಫಾರಿಯವನು ನಟನ ಕಿವಿಯಲ್ಲಿ, “ಬನ್ನಿ ಬನ್ನಿ, ಜನ ಸೇರೋದ್ರೊಳಗೆ ಹೊರಟುಬಿಡೋಣ” ಎಂದದ್ದು ನನಗೆ ಕೇಳಿಸಿತು.

ಎಂಜಿನ್ನು ಇನ್ನೂ ಓಡುತ್ತಿತ್ತು. ಅಣ್ಣನ ಲಾರಿಯಲ್ಲಿ ಕೀ ಎಲ್ಲಿರುತ್ತದೆ ಎಂದು ನೋಡಿ ಬಲ್ಲೆ. ತೆರೆದ ಬಾಗಿಲೊಳಗೆ ಕೈಹಾಕಿ ಕೀ ತಿರುಗಿಸಿ ಕಿತ್ತುಕೊಂಡೆ. ಎಂಜಿನ್ನು ಸತ್ತಿತು. ಕೀಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲಿಗೆ ಒರಗಿ ನಿಂತೆ.

“ಏಯ್, ಏನು ಮಾಡ್ತಿದೀಯಾ?” ಎಂದ ಸಫಾರಿಯವನು.

“ನಮ್ಮತ್ತೆ ಕೈ ಮುರಿದೈತೆ. ಹಿರಿಯೂರು ಆಸ್ಪತ್ರೆಗೆ ಕರ್ಕಂಡು ಹೋಗ್ರಿ. ಆಮೇಲೆ ಎಲ್ಲಿಗಾದ್ರೂ ಹೋಗ್ರಿ.”

“ನಮಗೆ ದುರ್ಗದಲ್ಲಿ ಕಾರ್ಯಕ್ರಮ ಇದೆ. ಸೀಟೆಲ್ಲಾ ಗಲೀಜಾಗುತ್ತೆ. ಬಸ್ಸಲ್ಲಿ ಹೋಗಿ” ಎಂದು ಸಫಾರಿಯವನು ಜೇಬಿಗೆ ಕೈಹಾಕಿದ. ಅವನ ಜೇಬಿನ ಕಡೆ ನಾನು ನೋಡಲಿಲ್ಲ.

ಸ್ವಲ್ಪ ದೂರದಲ್ಲಿ ತಗಡಿನ ಸೂರಿನ ಟೀ ಹೋಟೆಲ್ ಇತ್ತು. ಅಲ್ಲಿದ್ದ ಗಂಡಸರು ದೊಣ್ಣೆ ಹಿಡಿದು ಓಡಿ ಬಂದರು. “ಯಾವನ್ಲೇ ಅವ್ನು? ಹಿಡೀರ್ಲೇ!” ಎಂದು ಕೂಗುತ್ತ ಬಂದವರನ್ನು ನೋಡಿ ನನಗೆ ಧೈರ್ಯ ಬಂತು. ಮುಂದಿದ್ದವನು ನಟನ ಎದುರಿಗೆ ಬಂದು ಗಕ್ಕನೆ ನಿಂತ. “ಲೇ... ಯಾರು ಅಂತ ನೋಡ್ರಲೇ!” ಎಂದ. ದೊಣ್ಣೆಗಳು ಒಂದೊಂದಾಗಿ ಕೆಳಗಿಳಿದವು. ಒಬ್ಬ ಚಪ್ಪಲಿ ಬಿಟ್ಟು ಕೈಮುಗಿದ. ಇನ್ನೊಬ್ಬ, ಕುರಿಯ ರಕ್ತದ ಮೇಲೆಯೇ ಕಾಲಿಟ್ಟುಕೊಂಡು ಹೋಗಿ ಅವನ ಕಾಲು ಮುಟ್ಟಿದ.

ನಟ ಕಪ್ಪು ಕನ್ನಡಕ ತೆಗೆದ. ಮುಖ ಬೇರೆಯಾಯಿತು. ಅದು ಹೇಗೆ ಹಾಗೆ ಬದಲಾಯಿತೋ, ಕೋಣೆಯಲ್ಲಿ ದೀಪ ಹಚ್ಚಿದ ಹಾಗೆ, ಅದೇ ಡೇರೆಯ ಮುಖ ಬಂದು ಕೂತಿತು. “ಬಹಳ ಸಂಕಟ ಆಗ್ತಿದೆಯಪ್ಪಾ. ಮೂಕ ಪ್ರಾಣಿಗಳು” ಎಂದ.

ಸಫಾರಿಯವನು ಸಮಯ ನೋಡಿ ಬಾಯಿ ಹಾಕಿದ. “ಡ್ರೈವರ್ ತೂಕಡಿಸಿಬಿಟ್ಟ. ನಮ್ಮ ಸಾಹೇಬ್ರು ಹಿಂದೆ ಮಲಗಿದ್ರು, ಅವರಿಗೆ ಗೊತ್ತೇ ಆಗ್ಲಿಲ್ಲ.”

ಅತ್ತೆಯ ಕೈಗೆ ಬಟ್ಟೆ ಕಟ್ಟುತ್ತಿದ್ದ ಡ್ರೈವರ್ ತಲೆಯೆತ್ತಿದ. ನಟನ ಮುಖ ನೋಡಿದ. ನಟ ಹುಣಸೆಮರದ ಕಡೆ ನೋಡುತ್ತಿದ್ದ. ಅಷ್ಟು ಸಾಕಾಯಿತು. ಗುಂಪಿನಿಂದ ಒಬ್ಬ ಬಂದು ಡ್ರೈವರನ ಕತ್ತಿನಪಟ್ಟಿ ಹಿಡಿದು ಎಬ್ಬಿಸಿ ಕೆನ್ನೆಗೆ ಬಾರಿಸಿದ. ಇನ್ನೊಬ್ಬ ಬೆನ್ನಿಗೆ ಗುದ್ದಿದ. ಕುರಿಗಾಗಿ ಹೊಡೆದದ್ದಲ್ಲ. ನಟನ ಕಣ್ಣಿಗೆ ಬೀಳಬೇಕೆಂದು ಹೊಡೆದರು, ಹೊಡೆದು ಅವನ ಮುಖ ನೋಡಿದರು.

“ಬಿಡಿ, ಬಿಡಿ. ಹೊಡೀಬೇಡಿ. ಅವನೂ ಮನುಷ್ಯನೇ, ತಪ್ಪು ಎಲ್ಲರೂ ಮಾಡ್ತಾರೆ” ಎಂದು ನಟ ಕೈಯೆತ್ತಿದ.

“ಎಂಥಾ ದೊಡ್ಡ ಮನಸ್ಸು ನೋಡ್ರಪ್ಪಾ!” ಎಂದು ಗುಂಪು ನಿಟ್ಟುಸಿರುಬಿಟ್ಟಿತು.

ನನ್ನ ಮೈಯೆಲ್ಲ ಉರಿಯಿತು. “ಸುಳ್ಳು! ಕಾರು ಓಡಿಸ್ತಿದ್ದದ್ದು ನೀನು. ಈ ಬಾಗಿಲಿಂದ ಇಳಿದದ್ದು ನೀನು. ನಾನು ನೋಡೀನಿ” ಎಂದೆ.

ಎಲ್ಲರೂ ಒಟ್ಟಿಗೆ ನನ್ನ ಮೇಲೆ ಬಿದ್ದರು. “ಅವರಿಗೆ ನೀನು ಅಂತೀಯೇನೇ?” “ಹೆಣ್ಣು ಹೆಂಗಸು ರಸ್ತೆ ಮೇಲೆ ನಿಂತ್ಕಂಡು ಏನು ಬಾಯಿ!” “ಯಾರ ಮನೆ ಸೊಸೆ ಇವಳು?” ನಮ್ಮ ಮನೆಯ ಮಜ್ಜಿಗೆ ಕುಡಿದವರೇ ಹಾಗೆ ಕೇಳಿದರು.

ಗೌಡರು ಬಂದರು. ಸಂಗತಿ ಕೇಳಲಿಲ್ಲ. ನಟನಿಗೆ ನಮಸ್ಕಾರ ಮಾಡಿ, “ನಮ್ಮೂರಿನ ಪುಣ್ಯ. ಬರ್ರಿ, ನೆಳ್ಳಾಗೆ ಕುಂತ್ಕಳ್ರಿ” ಎಂದು ಹೋಟೆಲಿನ ಬೆಂಚು ತರಿಸಿ ಹುಣಸೆಮರದ ಕೆಳಗೆ ಹಾಕಿಸಿದರು. ಎಳನೀರು ಕೆತ್ತಿಸಿದರು. ನಟ ಎಳನೀರು ಕುಡಿದ. ಅವನಿಗೆ ಹತ್ತು ಮಾರು ದೂರದಲ್ಲಿ ನನ್ನ ಅತ್ತೆ ಮುರಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಬಿಸಿಲಿನಲ್ಲಿ ಕೂತಿದ್ದಳು. ಆಕೆಗೆ ಒಂದು ಲೋಟ ನೀರು ಕೊಡಬೇಕೆಂದು ಅಲ್ಲಿದ್ದ ಒಬ್ಬನಿಗೂ ತೋಚಲಿಲ್ಲ. ಡ್ರೈವರ್ ತನ್ನ ತಂಬಿಗೆಯಿಂದ ಕುಡಿಸಿದ.

ಅಷ್ಟು ಹೊತ್ತಿಗೆ ಗಂಡ ಸೈಕಲ್ ಮೇಲೆ ಬಂದ. ಸತ್ತ ಕುರಿಗಳನ್ನು ನೋಡಿದ, ತಾಯಿಯನ್ನು ನೋಡಿದ, ಅವನ ಮುಖ ಕಪ್ಪಿಟ್ಟಿತು. ಗೌಡರು, “ಏನಪ್ಪ, ನಿನ್ನ ಹೆಂಡ್ರಿಗೆ ಕೀ ಕೊಡಾಕೆ ಹೇಳು. ಊರಿಗೆ ಕೆಟ್ಟ ಹೆಸ್ರು ತರ್ತಾಳೆ. ಕುರಿದು ಏನೈತೆ, ನಾನು ನೋಡ್ಕಂತೀನಿ” ಎಂದರು.

ಗಂಡ ನನ್ನ ಹತ್ತಿರ ಬಂದು ನೆಲ ನೋಡುತ್ತ, “ಕೊಟ್ಬಿಡೇ. ನಾಳೆ ಇವರ ಹೊಲದಾಗೇ ಮಂದೆ ನಿಲ್ಲಿಸ್ಬೇಕು” ಎಂದ.

ಆಗ ಅತ್ತೆ ಕೂತಲ್ಲಿಂದಲೇ ಅಬ್ಬರಿಸಿದಳು. “ಕೊಡಬ್ಯಾಡ ಕಣೇ! ನನ್ನ ಸೊಸೆ ನೋಡೀನಿ ಅಂದ್ರೆ ನೋಡ್ಯಾಳೆ. ನಿನ್ನ ಹೆಂಡ್ತಿ ಮಾತು ನಂಬದಿದ್ರೆ ನೀನ್ಯಾವ ಸೀಮೆ ಗಂಡಸಲೇ?”

ಮದುವೆಯಾಗಿ ಬಂದ ಮೇಲೆ ಆಕೆ ನನ್ನನ್ನು ‘ನನ್ನ ಸೊಸೆ’ ಎಂದದ್ದು ಅದೇ ಮೊದಲು. ಗಂಡ ಹಿಂದೆ ಸರಿದ.

ಎಳನೀರಿನ ಬುರುಡೆ ಕೆಳಗಿಟ್ಟು ನಟ ತಾನೇ ಎದ್ದು ಬಂದ. ಜನ ದಾರಿ ಬಿಟ್ಟರು. ನನ್ನೆದುರು ನಿಂತು, ಎಲ್ಲರಿಗೂ ಕೇಳುವ ಹಾಗೆ, “ತಂಗೀ...” ಎಂದ.

ಅದೇ ಕೂಗು, ಅದೇ ಎಳೆತ. ಹಿಂದಿದ್ದ ಹೆಂಗಸೊಬ್ಬಳು ಮೂಗು ಸೀಟಿದಳು. ನಾನು ಅವನ ಕಣ್ಣನ್ನೇ ನೋಡುತ್ತಿದ್ದೆ. ಅದರಲ್ಲಿ ಏನೂ ಇರಲಿಲ್ಲ. ಮುಖ ನಗುತ್ತಿದ್ದ ಹಾಗೇ ದನಿ ತಗ್ಗಿಸಿ, ನನಗೊಬ್ಬಳಿಗೆ ಮಾತ್ರ ಕೇಳುವಂತೆ, “ಪೊಲೀಸ್ನೋರಿಗೆ ಒಂದು ಮಾತು ಹೇಳಿದ್ರೆ ನಿನ್ನ, ನಿನ್ನ ಗಂಡನ್ನ ಒದ್ದು ಒಳಗೆ ಹಾಕ್ತಾರೆ. ತೆಗಿ ಕೀನ” ಎಂದ.

“ಕರೆಸು. ಅವರ ಮುಂದೆಯೂ ಇದನ್ನೇ ಹೇಳ್ತೀನಿ” ಎಂದು ನಾನು ಗಟ್ಟಿಯಾಗಿಯೇ ಹೇಳಿದೆ. “ನಮ್ಮತ್ತೆನ ಆಸ್ಪತ್ರೆಗೆ ಕರ್ಕಂಡು ಹೋಗು. ಓಡಿಸಿದ್ದು ನಾನೇ ಅಂತ ಈ ಜನಕ್ಕೆ ಹೇಳು. ಆ ಮುದುಕನ ಕೆನ್ನೆಗೆ ಹೊಡೆಸಿದ್ಯಲ್ಲ, ಅವನ ಹತ್ರ ತಪ್ಪಾಯ್ತು ಅನ್ನು.”

ಅವನು ಗುಂಪಿನ ಕಡೆ ತಿರುಗಿ ನೊಂದವನಂತೆ ನಕ್ಕ. “ಪಾಪ, ಗಾಬರಿಯಾಗಿದ್ದಾಳೆ. ಈ ತಾಯಿನ ಆಸ್ಪತ್ರೆಗೆ ಕರ್ಕೊಂಡು ಹೋಗೋದು ನನ್ನ ಭಾಗ್ಯ ಅಲ್ವೇನಪ್ಪಾ?” ಎಂದು ಅತ್ತೆಯ ಕಡೆ ನಡೆದು, ಬಗ್ಗಿ, ಕೈ ಚಾಚಿದ. ಜನ ಚಪ್ಪಾಳೆ ತಟ್ಟಿದರು.

“ಮುಟ್ಟಬ್ಯಾಡ” ಎಂದಳು ಅತ್ತೆ.

ಅವನ ಕೈ ಗಾಳಿಯಲ್ಲೇ ನಿಂತಿತು.

“ನೀನು ಯಾರೋ ನಂಗೊತ್ತಿಲ್ಲ. ರಾಜನೋ ಮಂತ್ರಿಯೋ. ನಾ ಕೋಲು ಅಡ್ಡ ಹಿಡಿದಿದ್ದು ನಿಂಗೆ ಕಾಣ್ತಿತ್ತು, ನೀನು ನಿಲ್ಲಿಸಲಿಲ್ಲ. ಇನ್ನೊಬ್ಬನ್ನ ಹೊಡೆಸಿದೆ. ನಿನ್ನ ಕಾರಾಗೆ ನಾ ಕುಂತ್ಕಳಲ್ಲ. ಕೈ ಕೊಳೆತು ಬಿದ್ರೂ ಕುಂತ್ಕಳಲ್ಲ.” ನನ್ನ ಕಡೆ ನೋಡಿ, “ಕೀನ ಆ ಡ್ರೈವರಣ್ಣಂಗೆ ಕೊಡೇ. ಇವನ ಕೈಗೆ ಕೊಡಬ್ಯಾಡ. ನಡಿ, ಬಸ್ಸಿಗೆ ಹೋಗಾಣ” ಎಂದಳು.

ನಾನು ಕೀ ತೆಗೆದು ಡ್ರೈವರನಿಗೆ ಕೊಟ್ಟೆ. ಅವನು ಅದನ್ನು ಅಂಗೈಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ನಿಂತ. ಒಂದು ಕೆನ್ನೆ ಕೆಂಪಾಗಿ ಊದಿತ್ತು. ಆಮೇಲೆ ಕಾರಿನ ಡಿಕ್ಕಿ ತೆಗೆದು ತನ್ನ ಚೀಲ, ಊಟದ ಡಬ್ಬಿ ಎತ್ತಿಕೊಂಡ. ಕೀಯನ್ನು ಬಾನೆಟ್ಟಿನ ಮೇಲಿಟ್ಟು ನಮ್ಮ ಹಿಂದೆ ನಡೆದ.

“ಏಯ್, ಎಲ್ಲಿಗೆ?” ಎಂದು ಸಫಾರಿಯವನು ಕೂಗಿದ. “ನನಗೆ ಓಡಿಸೋಕೆ ಬರಲ್ಲ ಕಣೋ!”

“ಅವರಿಗೆ ಬರುತ್ತಲ್ಲ” ಎಂದ ಡ್ರೈವರ್, ಹಿಂದೆ ತಿರುಗದೆ.

ನಾವು ಬಸ್ಸಿಗೆ ಕಾದು ನಿಂತಿದ್ದಾಗ ನಟ ಕಪ್ಪು ಕನ್ನಡಕ ಹಾಕಿಕೊಂಡು ಬಲಗಡೆಯ ಬಾಗಿಲು ತೆಗೆದು ಕೂತ. ಸ್ಟಾರ್ಟ್ ಮಾಡಿ, ಹಿಂದಕ್ಕೆ ತೆಗೆದು, ಸತ್ತ ಕುರಿಗಳನ್ನು ಬಳಸಿ, ಗೇರು ಬದಲಿಸಿ, ನುರಿತ ಕೈಯಲ್ಲಿ ಓಡಿಸಿಕೊಂಡು ಹೋದ. ಊರಿಗೆ ಊರೇ ನೋಡಿತು. ಹುಡುಗರು ಜೈಕಾರ ಹಾಕುತ್ತ ಧೂಳಿನಲ್ಲಿ ಕಾರಿನ ಹಿಂದೆ ಓಡಿದರು.

ಹಿರಿಯೂರು ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಹಾಕಿದರು. ಡ್ರೈವರ್ ಅಲ್ಲಿಯವರೆಗೂ ನಮ್ಮೊಂದಿಗಿದ್ದ. “ಪೊಲೀಸ್ ಸ್ಟೇಷನ್ನಿಗೆ ಬಂದು ನಡೆದದ್ದು ಹೇಳಣ್ಣ” ಎಂದೆ. ಅವನು ಆಗದೆಂದು ತಲೆಯಾಡಿಸಿದ. “ಅವರ ತಪ್ಪು ನನ್ನ ತಲೆಗೆ ಬಂದದ್ದು ಇದು ಮೊದಲಲ್ಲ ತಾಯಿ. ಮಗಳ ಮದುವೆ ಆಗಬೇಕು. ಕೆಲಸ ಬಿಟ್ಟು ಬಂದಿದ್ದೀನಿ, ಅಷ್ಟು ಸಾಕು” ಎಂದು ಬೆಂಗಳೂರು ಬಸ್ಸು ಹತ್ತಿದ. ಅವನ ಮೇಲೂ ನನಗೆ ಸಿಟ್ಟು ಬಂತು. ಅದು ಪೂರ್ತಿ ಇಳಿದಿಲ್ಲ. ಹೊಡೆತ ತಿಂದವನೇ ಬಾಯಿ ಮುಚ್ಚಿಕೊಂಡರೆ ಉಳಿದವರು ಯಾರಿಗಾಗಿ ಬಡಿದಾಡಬೇಕು? ಮಂದೆಯನ್ನು ಹಟ್ಟಿಗೆ ಹೊಡೆದು ಸೈಕಲ್ ಮೇಲೆ ಬಂದ ಗಂಡನೂ ನಾನೂ ಸ್ಟೇಷನ್ನಿಗೆ ಹೋದೆವು. ಬರೆದುಕೊಳ್ಳಬೇಕಾದವರು ನಟನ ಹೆಸರು ಕೇಳಿ, “ನಿಜವಾಗ್ಲೂ ಅವರೇನಾ? ಹತ್ತಿರದಿಂದ ನೋಡಿದ್ರಾ?” ಎಂದು ಕೇಳಿದರು. ಏನೂ ಬರೆದುಕೊಳ್ಳಲಿಲ್ಲ.

ಸಂಜೆ ಊರಿಗೆ ಬಂದರೆ ಮಸಾಲೆಯ ವಾಸನೆ. ಸತ್ತ ಕುರಿಗಳಲ್ಲಿ ಎರಡನ್ನು ಗೌಡರು ಸುಲಿಸಿ ಹಂಚಿಸಿದ್ದರು. ಮನೆ ಮನೆಯಲ್ಲೂ ಬಾಡು ಬೇಯುತ್ತಿತ್ತು, ಆ ನಟನ ಹೆಸರು ಹೇಳಿಕೊಂಡು ನಗುನಗುತ್ತ ತಿನ್ನುತ್ತಿದ್ದರು. ಗಬ್ಬದ ಕುರಿಯನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ಗಂಡ ಒಬ್ಬನೇ ಹೋಗಿ ಅದನ್ನು ಹುಗಿದು ಬಂದ. ಬಂದವನು ನನ್ನೆದುರು ಕೂತು, “ನಾನು ಕೊಟ್ಬಿಡು ಅನ್ಬಾರ್ದಿತ್ತು” ಎಂದ.

ಆಮೇಲೆ ಗೌಡರ ಹೊಲದಲ್ಲಿ ನಮ್ಮ ಮಂದೆಗೆ ಜಾಗ ಇಲ್ಲವಾಯಿತು. ಅವರ ಮಾತು ಕೇಳುವವರೂ ಒಬ್ಬೊಬ್ಬರಾಗಿ, “ಈ ವರ್ಷ ಬ್ಯಾಡ” ಎಂದರು. ನೀರಿಗೆ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ಮುಖ ತಿರುಗಿಸುತ್ತಿದ್ದರು. ಹೊಳಲ್ಕೆರೆಗೆ ಹೋದಾಗ ನನ್ನ ತಾಯಿಯೇ, “ಅಂಥಾ ದೊಡ್ಡೋರ ಕೂಡ ಜಗಳ ಆಡಿದ್ಯೇನೇ? ಹೋಗ್ಲಿ, ನೋಡಾಕೆ ಹೆಂಗವ್ರೆ, ಸಿನಿಮಾದಾಗೆ ಇದ್ದಂಗೇ ಅವ್ರೇನು?” ಎಂದಳು. ಅತ್ತೆಯ ಕೈ ಹೇಗಿದೆ ಎಂದು ಕೇಳಲಿಲ್ಲ.

ಕೈ ಸೊಟ್ಟಗೇ ಕೂಡಿಕೊಂಡಿತು. ನಾವು ಕುರಿ ಹೊಡೆದುಕೊಂಡು ಮಾರಿಕಣಿವೆಯ ಹಿನ್ನೀರಿನ ಅಂಚು ಹಿಡಿದು ಹೊಸದುರ್ಗದ ಕಡೆ ಹೋದೆವು. ಅಲ್ಲಿ ಗುರುತಿಲ್ಲದವರ ಹೊಲಗಳಲ್ಲಿ ಮಂದೆ ನಿಲ್ಲಿಸಿದೆವು. ಒಂದು ಕಂಬಳಿಯ ಕೆಳಗೆ ಅತ್ತೆ, ನಾನು ಅಕ್ಕಪಕ್ಕ ಮಲಗುತ್ತಿದ್ದೆವು. ಬೇಲಿ ಕಟ್ಟುವುದನ್ನೂ ಕುರಿಯ ಕಾಲು ಹಿಡಿಯುವುದನ್ನೂ ಆಕೆ ನನಗೆ ಅಲ್ಲಿಯೇ ಕಲಿಸಿದಳು. ತನ್ನ ಕೈಲಿ ಆಗದ್ದಕ್ಕೆ ನನ್ನ ಕೈ ಬಳಸುತ್ತಿದ್ದಳು. ಬೈಗುಳವೇನೂ ಕಡಿಮೆಯಾಗಲಿಲ್ಲ.

ಮರುವರ್ಷ ಗೌಡರು ನಮ್ಮನ್ನು ಹುಡುಕಿಕೊಂಡು ಹೊಸದುರ್ಗದ ಹತ್ತಿರದ ಹೊಲಕ್ಕೇ ಬಂದರು. ಚಿತ್ರದುರ್ಗದಲ್ಲಿ ಆ ನಟನಿಗೆ ದೊಡ್ಡ ಸನ್ಮಾನವಂತೆ. ಕುರಿ ಸಾಕುವ ಮನೆಯವರು ಒಂದು ಕರಿ ಕಂಬಳಿ ಹೊದಿಸಿದರೆ ಚೆಂದವಂತೆ. “ನೀವೇ ಬಂದು ಹೊದಿಸ್ರಿ. ಹಳೇದೆಲ್ಲ ಮರೆತು ಹೋಗ್ತೈತೆ. ಮತ್ತೆ ನಮ್ಮ ಹೊಲಕ್ಕೇ ಬರ್ರಿ” ಎಂದರು.

ಗಂಡ ಅತ್ತೆಯ ಮುಖ ನೋಡಿದ. ಅತ್ತೆ ನನ್ನ ಮುಖ ನೋಡಿದಳು.

“ಕಂಬಳಿ ಐತೆ ಗೌಡ್ರೆ. ಅವನಿಗೆ ಮಾತ್ರ ಇಲ್ಲ” ಎಂದೆ ನಾನು.

“ನೀನು ಏನಂತೀಯಪ್ಪ?” ಎಂದು ಗೌಡರು ಗಂಡನನ್ನು ಕೇಳಿದರು.

“ಅವಳು ಹೇಳಿದ್ಲಲ್ರೀ” ಎಂದ ಅವನು.

ಗೌಡರು ಉಗುಳಿ ಎದ್ದು ಹೋದರು. ಕಂಬಳಿ ಬೇರೆ ಎಲ್ಲಿಂದಲೋ ಹೋಯಿತು, ಸನ್ಮಾನವೂ ನಡೆಯಿತು, ಅವನು ಅದನ್ನು ಹೊದ್ದುಕೊಂಡು ಕುರಿ ಕಾಯುವವರು ತನ್ನ ಒಡಹುಟ್ಟಿದವರು ಎಂದು ಭಾಷಣ ಮಾಡಿದನೆಂದು ಹೊಸದುರ್ಗದ ಸಂತೆಯಲ್ಲಿ ಜನ ಹೇಳಿಕೊಳ್ಳುತ್ತಿದ್ದರು. ನಾವು ಆದಿವಾಲದ ಮನೆಗೆ ಬೀಗ ಹಾಕಿ, ಆ ಕಡೆಯೇ ಉಳಿದುಬಿಟ್ಟೆವು.